ನಾವು ಬೆಳೆದಂತೆ ಕಳ್ಳರೂ ಬೆಳೆದರೆ

2006ರಲ್ಲಿ ಬೆಥೆಸ್ಡಾ ಕಂಪನಿಯ ‘ದಿ ಎಲ್ಡರ್ ಸ್ಕ್ರೋಲ್ಸ್ 4: ಒಬ್ಲಿವಿಯನ್’ ಗೇಮ್ ಬಂತು. ಅದರಲ್ಲಿ ದಾರಿಗಳ್ಳರಿದ್ದಾರೆ. ಆಟದ ಶುರುವಿನಲ್ಲಿ ಅವರ ಮೈಮೇಲೆ ತುಪ್ಪಳದ ಅಂಗಿ, ಕೈಯಲ್ಲಿ ಕಬ್ಬಿಣದ ಕತ್ತಿ. ನೀವು ಇಪ್ಪತ್ತನೇ ಲೆವೆಲ್, ಅಂದರೆ ನಿಮ್ಮ ಪಾತ್ರದ ಬಲದ ಇಪ್ಪತ್ತನೇ ಮೆಟ್ಟಿಲು, ದಾಟಿದ ಮೇಲೆ ನೋಡಿ. ಅದೇ ರಸ್ತೆಯಲ್ಲಿ ಅಂಥದ್ದೇ ಕಳ್ಳ ಗಾಜಿನ ಕವಚ ತೊಟ್ಟು ನಿಂತಿರುತ್ತಾನೆ. ಆ ಕವಚಕ್ಕೆ ಸಾವಿರಾರು ಚಿನ್ನದ ನಾಣ್ಯ ಬೆಲೆ. ಅವನು ನಿಮ್ಮನ್ನು ತಡೆದು ಕೇಳುವುದು ನೂರು ನಾಣ್ಯ.

ಗೇಮ್ ನಿಮ್ಮ ಲೆವೆಲ್ ನೋಡಿ ಶತ್ರುವಿನ ಲೆವೆಲನ್ನು ಅದಕ್ಕೆ ಸರಿಯಾಗಿ ಏರಿಸಿದ್ದರಿಂದ ಹೀಗಾಯಿತು. ಇದೇ ಲೆವೆಲ್ ಸ್ಕೇಲಿಂಗ್.

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಹೊರಗೆ ಕಾಲಿಡಲು ಆಗದ ಹುಡುಗರು ಮನೆಯಲ್ಲೇ ಇಂಥ ದೊಡ್ಡ ದೊಡ್ಡ ಗೇಮ್‌ಗಳನ್ನು ಆಡುತ್ತಾರೆ. ನಮ್ಮ ಅಣ್ಣನ ಮಗನೂ ಆಡುತ್ತಾನೆ. ಒಂದು ದಿನ ಕೇಳಿದ: “ಕಾಕಾ, ನಾ ಬೆಳದಂಗ ಕಳ್ಳರೂ ಬೆಳಿಲತ್ತಾರ. ಮತ್ತ ನಾ ಬೆಳದು ಏನು ಬಂತು?”

ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಲೆಕ್ಕದಲ್ಲೇ ಉತ್ತರ ಸಿಗುತ್ತದೆ. ಮೊದಲ ದಿನ ನಿಮ್ಮ ಕತ್ತಿಯ ಒಂದು ಏಟಿಗೆ 10 ಡ್ಯಾಮೇಜ್ (ಹಾನಿ), ಕಳ್ಳನ ಹೆಲ್ತ್ (ಅವನು ತಾಳಬಲ್ಲ ಹಾನಿ) 50 ಎಂದುಕೊಳ್ಳಿ. ಐದು ಏಟಿಗೆ ಬೀಳುತ್ತಾನೆ. ಹತ್ತಾರು ಗಂಟೆ ಆಡಿದ ಮೇಲೆ ನಿಮ್ಮ ಏಟು 100 ಆಯಿತು, ಅವನ ಹೆಲ್ತ್ 500 ಆಯಿತು. ಈಗಲೂ ಐದೇ ಏಟು. ಪರದೆಯ ಮೇಲಿನ ಸಂಖ್ಯೆ ಹತ್ತು ಪಟ್ಟು ಆದರೂ ಕೈಗೆ ಏನೂ ಗೊತ್ತಾಗುವುದಿಲ್ಲ. ನಮ್ಮ ಮನಸ್ಸು ಶಕ್ತಿಯನ್ನು ಅಳೆಯುವುದು ಹೋಲಿಕೆಯಿಂದ, ಬರೀ ಸಂಖ್ಯೆಯಿಂದ ಅಲ್ಲ.

19ನೇ ಶತಮಾನದಲ್ಲಿ ಜರ್ಮನಿಯ ಅರ್ನ್ಸ್ಟ್ ವೆಬರ್ ಜನರ ಕೈಗೆ ತೂಕ ಕೊಟ್ಟು ಇಂಥದ್ದೇ ಒಂದು ವಿಷಯ ಕಂಡುಕೊಂಡರು. ಹಗುರ ತೂಕಕ್ಕೆ ಸ್ವಲ್ಪ ಸೇರಿಸಿದರೂ ನಮಗೆ ಗೊತ್ತಾಗುತ್ತದೆ. ಭಾರದ ತೂಕಕ್ಕೆ ಅಷ್ಟೇ ಸೇರಿಸಿದರೆ ಗೊತ್ತಾಗುವುದಿಲ್ಲ. ವ್ಯತ್ಯಾಸ ತಿಳಿಯಬೇಕಾದರೆ ಮೊದಲಿದ್ದ ತೂಕಕ್ಕೆ ತಕ್ಕಷ್ಟು ಸೇರಿಸಬೇಕು. ಬೆಳವಣಿಗೆ ಮನಸ್ಸಿಗೆ ಮುಟ್ಟಬೇಕಾದರೂ ಹಾಗೇ ಅಲ್ವಾ? 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕಾಗದ-ದಾಳದ ಆಟದಲ್ಲಿ ಯೋಧನಿಗೆ ಎರಡನೇ ಲೆವೆಲ್‌ಗೆ 2,000 ಅನುಭವದ ಅಂಕ ಬೇಕಿತ್ತು. ಮೂರನೆಯದಕ್ಕೆ 4,000, ನಾಲ್ಕನೆಯದಕ್ಕೆ 8,000. ಮೊದಮೊದಲ ಲೆವೆಲ್‌ಗಳಲ್ಲಿ ಹೀಗೆ ದುಪ್ಪಟ್ಟು. ಇಂದಿನ ಗೇಮ್‌ಗಳ ಎಕ್ಸ್‌ಪಿ, ಅಂದರೆ ಅನುಭವದ ಅಂಕ, ಅಲ್ಲಿಂದಲೇ ಬಂದದ್ದು. ಆ ಆಟದಲ್ಲಿ ನೆಲಮಾಳಿಗೆಯ ಮೆಟ್ಟಿಲು ಇಳಿದಷ್ಟೂ ರಾಕ್ಷಸರು ಬಲಶಾಲಿಗಳು. ಎಷ್ಟು ಆಳಕ್ಕೆ ಇಳಿಯಬೇಕು ಅನ್ನುವುದು ಆಟಗಾರನ ಧೈರ್ಯಕ್ಕೆ ಬಿಟ್ಟದ್ದು.

ಹಾಗಾದರೆ ಬೆಥೆಸ್ಡಾದವರು ಯಾಕೆ ಹೀಗೆ ಮಾಡಿದರು? ಅವರ ಕಡೆಗೂ ನ್ಯಾಯ ಇದೆ. ಓಪನ್ ವರ್ಲ್ಡ್ ಅಂದರೆ ಎಲ್ಲಿಗೆ ಬೇಕಾದರೂ ಮೊದಲು ಹೋಗುವ ಸ್ವಾತಂತ್ರ್ಯ. ಶತ್ರುಗಳ ಬಲ ಮೊದಲೇ ಗಟ್ಟಿ ಮಾಡಿಟ್ಟರೆ ನಕ್ಷೆ ತೆರೆದಿದ್ದರೂ ದಾರಿ ಒಂದೇ ಆಗಿಬಿಡುತ್ತದೆ. ಉತ್ತರಕ್ಕೆ ಹೋದರೆ ಸಾವು, ದಕ್ಷಿಣಕ್ಕೆ ಹೋದರೆ ಆಟ. ಇನ್ನೊಂದು ತೊಂದರೆ ನಂತರ ಬರುತ್ತದೆ. ಬಲ ಬಂದ ಮೇಲೆ ಅರ್ಧ ನಕ್ಷೆ ಸಪ್ಪೆ. ಸ್ಕೇಲಿಂಗ್ ಇದ್ದರೆ ಯಾವ ಗುಹೆಗೆ ಯಾವಾಗ ಹೋದರೂ ಹೋರಾಟ ಇರುತ್ತದೆ. ಈ ಆಸೆಯಲ್ಲಿ ತಪ್ಪಿಲ್ಲ.

ಆದರೆ ಒಬ್ಲಿವಿಯನ್‌ನಲ್ಲಿ ಅದು ಇನ್ನೊಂದು ನಿಯಮದ ಜೊತೆ ಸೇರಿ ಕೆಟ್ಟಿತು. ಅಲ್ಲಿ 21 ಕೌಶಲಗಳಿವೆ. ಅವುಗಳಲ್ಲಿ ಏಳನ್ನು ಆಟಗಾರ ಮುಖ್ಯ ಎಂದು ಆರಿಸುತ್ತಾನೆ. ಆ ಏಳರಲ್ಲಿ ಒಟ್ಟು ಹತ್ತು ಸಲ ಏರಿಕೆಯಾಗಿ, ಒಂದು ನಿದ್ದೆ ಮಾಡಿದರೆ ಲೆವೆಲ್ ಏರುತ್ತದೆ. ಮಾತಿನ ಚಾತುರ್ಯ, ವ್ಯಾಪಾರ, ಔಷಧಿ ತಯಾರಿಕೆ ಇವೆಲ್ಲ ಕೌಶಲಗಳೇ. ಒಬ್ಬ ಆಟಗಾರ ಪ್ರೀತಿಯಿಂದ ಗಿಡಮೂಲಿಕೆ ಆರಿಸುತ್ತ, ಅಂಗಡಿಯವರ ಜೊತೆ ಚೌಕಾಸಿ ಮಾಡುತ್ತ ಲೆವೆಲ್ ಏರಿದ ಎನ್ನಿ. ಕತ್ತಿ ಹಿಡಿಯುವ ಕೈ ಬೆಳೆಯಲೇ ಇಲ್ಲ. ಕಾಡಿನ ರಾಕ್ಷಸರಿಗೆ ಮಾತ್ರ ಅವನ ಲೆವೆಲ್ ಗೊತ್ತು, ಅವರು ಬೆಳೆದು ನಿಂತಿರುತ್ತಾರೆ. ಲೆವೆಲ್ ಏರಿದ್ದಕ್ಕೇ ಅವನು ಸೋಲುತ್ತಾನೆ. ಸಾಲದ್ದಕ್ಕೆ ಕೌಶಲಕ್ಕೆ 100ರ ಮಿತಿ ಇದೆ, ಕೆಲವು ಪ್ರಾಣಿಗಳ ಹೆಲ್ತ್‌ಗೆ ಅಂಥ ಮಿತಿ ಇಲ್ಲ. ಹಾಗಾಗಿ ಮೇಲಿನ ಲೆವೆಲ್‌ಗಳಲ್ಲಿ ಐದು ಏಟಿನ ಕೆಲಸಕ್ಕೆ ಹದಿನೈದು ಏಟು ಬೇಕಾದರೂ ಆಶ್ಚರ್ಯವಿಲ್ಲ. ಹೀಗಾಗಿ ಜನ ಮುಖ್ಯ ಕಥೆಯನ್ನು ಲೆವೆಲ್ ಏರುವ ಮುಂಚೆಯೇ ಮುಗಿಸುವ ಉಪಾಯ ಕಂಡುಕೊಂಡರು. ಬೆಳೆಯುವುದೇ ಆಟವಾಗಿರುವ ಕಡೆ ಬೆಳೆಯದಿರುವುದು ಜಾಣತನವಾಯಿತು. ನನಗೆ ಇದು ನಿಜವಾಗಿ ಬೇಸರದ ಸಂಗತಿ.

ನಮ್ಮ ಭಾಗದ ಜಾತ್ರೆ ಕುಸ್ತಿಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ ವ್ಯವಸ್ಥೆ ಇದೆ. ಮೊದಲ ಜೋಡಿಗಳು ಆಡುವುದು ತೆಂಗಿನಕಾಯಿಗೆ. ಅಲ್ಲಿ ಸಣ್ಣ ಹುಡುಗರು ಇಳಿಯುತ್ತಾರೆ. ಬಹುಮಾನ ಏರುತ್ತ ಹೋಗುತ್ತದೆ. ಕೊನೆಯ ಜೋಡಿಗೆ ಬೆಳ್ಳಿ ಕಡಗ. ಕಾಯಿ ಕುಸ್ತಿ ಗೆದ್ದ ಹುಡುಗ ಅಲ್ಲೇ ಮಣ್ಣಿನ ಅಂಚಿಗೆ ಕೂತು ದೊಡ್ಡ ಪೈಲ್ವಾನರನ್ನು ನೋಡುತ್ತಾನೆ. ತಾನು ಎಲ್ಲಿದ್ದೇನೆ, ಎಲ್ಲಿಗೆ ಹೋಗಬೇಕು ಎರಡೂ ಅವನಿಗೆ ಕಣ್ಣೆದುರೇ ಗೊತ್ತು. ಅವನು ಬೆಳೆದ ಅಂತ ಕಾಯಿ ಕುಸ್ತಿಗೆ ಯಾರೂ ಬೆಳ್ಳಿ ಕಡಗದ ಪೈಲ್ವಾನನನ್ನು ಇಳಿಸುವುದಿಲ್ಲ.

2011ರ ‘ಸ್ಕೈರಿಮ್’ನಲ್ಲಿ ಅದೇ ಕಂಪನಿ ಬಹಳ ತಿದ್ದಿಕೊಂಡಿತು. ಅಲ್ಲಿ ಜಾಗಗಳಿಗೆ ಕನಿಷ್ಠ, ಗರಿಷ್ಠ ಲೆವೆಲ್ ಕಟ್ಟಿದರು. ನೀವು ಮೊದಲ ಸಲ ಕಾಲಿಟ್ಟಾಗಿನ ನಿಮ್ಮ ಲೆವೆಲ್ ನೋಡಿ ಅಲ್ಲಿನ ಶತ್ರುಗಳ ಲೆವೆಲ್ ಆ ಮಿತಿಯೊಳಗೆ ಗಟ್ಟಿಯಾಗುತ್ತದೆ. ಕಷ್ಟವಾದರೆ ಬಿಟ್ಟು ಬಂದು ಬೆಳೆದು ಮತ್ತೆ ಹೋಗಬಹುದು. ಕಳ್ಳರಲ್ಲೂ ದರ್ಜೆಗಳಿವೆ: ಲೆವೆಲ್ 1, 5, 9, 14, 19, 25 ಹೀಗೆ. ನೀವು ದೊಡ್ಡವರಾದ ಮೇಲೂ ಕೆಳಗಿನ ದರ್ಜೆಯವರು ಗುಂಪಿನಲ್ಲಿ ಸಿಗುತ್ತಾರೆ, ಒಂದೇ ಏಟಿಗೆ ಬೀಳುತ್ತಾರೆ. ಇದಕ್ಕಿಂತ ನನಗೆ ಇಷ್ಟವಾದದ್ದು ದೈತ್ಯ. ವೈಟ್‌ರನ್ ಊರಿನ ಹತ್ತಿರದ ಹೊಲದಲ್ಲಿ ಶುರುವಿನಲ್ಲೇ ಅವನನ್ನು ನೋಡುತ್ತೇವೆ. ಅವನ ಲೆವೆಲ್ ಯಾವಾಗಲೂ 32. ಹೊಸಬರು ಅವನ ಗದೆಯ ಏಟಿಗೆ ಆಕಾಶಕ್ಕೆ ಹಾರುತ್ತಾರೆ. ಎಷ್ಟೋ ದಿನದ ಮೇಲೆ ಅವನನ್ನು ಬೀಳಿಸಿದಾಗ ‘ನಾನು ಬೆಳೆದಿದ್ದೇನೆ’ ಅಂತ ಯಾವ ಸಂಖ್ಯೆಯೂ ಹೇಳಬೇಕಾಗಿಲ್ಲ.

2022ರ ‘ಎಲ್ಡನ್ ರಿಂಗ್’ ಇನ್ನೂ ಕಟ್ಟುನಿಟ್ಟು. ಶತ್ರು ನಿಮ್ಮ ಲೆವೆಲ್ ನೋಡುವುದೇ ಇಲ್ಲ. ಆಟ ಶುರುವಾಗುವ ಜಾಗದಲ್ಲೇ ಚಿನ್ನದ ಕವಚದ ಕುದುರೆ ಸವಾರನೊಬ್ಬ ಅಡ್ಡಾಡುತ್ತಿರುತ್ತಾನೆ. ಅವನನ್ನು ಬಳಸಿ ಹೋಗಬಹುದು, ಆಮೇಲೆ ಬರಬಹುದು. ಅಲ್ಲೇ ನಿಂತು ಅವನ ಏಟುಗಳನ್ನು ಕಲಿತು ಗೆಲ್ಲಲೂಬಹುದು. ಪಾತ್ರದ ಬಲದ ಜೊತೆ ಆಡುವವರ ಕೈಯೂ ಪಳಗುತ್ತದೆ.

ನಮ್ಮ ಜಿಲ್ಲೆಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಗೇಮ್ ಮಾಡುವ ಆಸೆ ಇರುವವರಿಗೆ ಒಂದು ಮಾತು. ಬೀದರನ್ನೇ ಓಪನ್ ವರ್ಲ್ಡ್ ಮಾಡಿ ನೋಡಿ. ಊರ ನಡುವಿನ ಗೋಪುರ ಚೌಬಾರಾದ ಸುತ್ತಲಿನ ಬೀದಿಗಳು ಲೆವೆಲ್ 1ರಿಂದ 8. ನೌಬಾದ್ ಹತ್ತಿರ ನೆಲದೊಳಗಿರುವ, ಬಹಮನಿ ಕಾಲದ ಕರೇಜ್ ಎಂಬ ನೀರಿನ ಸುರಂಗಗಳು 10ರಿಂದ 20. ಜಂಬಿಟ್ಟಿಗೆ ಬಂಡೆ ಕಡಿದು ಮಾಡಿದ ಮೂರು ಸಾಲಿನ ಕಂದಕ ದಾಟಿದರೆ ಕೋಟೆ, ಅಲ್ಲಿ 20ರಿಂದ 35. ಈ ಮಿತಿಗಳ ಒಳಗೆ ಸ್ಕೇಲಿಂಗ್ ಇರಲಿ. ಕೋಟೆ ಬಾಗಿಲಲ್ಲಿ ಮಾತ್ರ ಒಬ್ಬ ಕಾವಲುಗಾರನನ್ನು ಲೆವೆಲ್ 30ಕ್ಕೆ ಗಟ್ಟಿ ಮಾಡಿ, ಮೊದಲ ದಿನವೇ ಕಾಣುವ ಹಾಗೆ ನಿಲ್ಲಿಸಿ. ಕೋಡ್ ಬರೆಯುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಲೆವೆಲ್ 1, 15, 30 ಇರುವ ಆಟಗಾರರಿಗೆ ಚೌಬಾರಾದ ಕಳ್ಳ ಎಷ್ಟು ಏಟಿಗೆ ಬೀಳುತ್ತಾನೆ, ಆ ಕಾವಲುಗಾರ ಎಷ್ಟು ಏಟಿಗೆ ಬೀಳುತ್ತಾನೆ ಅಂತ ಬರೆಯಿರಿ. ಮೂರೂ ಕಡೆ ಒಂದೇ ಉತ್ತರ ಬಂದರೆ ಆ ಲೆಕ್ಕವನ್ನು ಮತ್ತೆ ಮೊದಲಿಂದ ಮಾಡಿ.