ಕಟ್ಟಬಹುದಾದ ಪದವೆಲ್ಲ ನಿಘಂಟಿಗಲ್ಲ

ಅಂತರರಾಷ್ಟ್ರೀಯ ಬಳಕೆಗೆಂದು ಕಟ್ಟಿದ ಭಾಷೆ ಎಸ್ಪೆರಾಂಟೊ. ಅದರ ಪದವೊಂದು ಸಾಮೂಹಿಕ ಆನ್‌ಲೈನ್ ನಿಘಂಟಿಗೆ ಬೇಕೋ ಬೇಡವೋ ಎಂಬ ಚರ್ಚೆ ಎದ್ದಾಗಲೆಲ್ಲ ಒಂದು ವಾದ ಬಂದೇ ಬರುತ್ತದೆ: 'ವ್ಯಾಕರಣಕ್ಕೆ ಸರಿಯಿದೆ, ಅರ್ಥವೂ ಆಗುತ್ತದೆ, ಸೇರಿಸಿದರೇನು?' ಈ ಭಾಷೆಯಲ್ಲಿ ಆ ವಾದ ನಿಲ್ಲುವುದಿಲ್ಲ. ಧಾತುವಿಗೆ ಧಾತು, ಪ್ರತ್ಯಯಕ್ಕೆ ಪ್ರತ್ಯಯ ಹಚ್ಚುತ್ತ ಹೋಗಬಹುದಾದ್ದರಿಂದ ವ್ಯಾಕರಣಶುದ್ಧ ಪದಗಳಿಗೆ ಕೊನೆಯೇ ಇಲ್ಲ. ನಾವು ಹುಡುಕಬೇಕಾದದ್ದು ಬಳಕೆಯನ್ನು.

ಮೊದಲು ಧಾತುವನ್ನು ನೋಡಿ. 1905ರಲ್ಲಿ ಫ್ರಾನ್ಸಿನ ಬೂಲೋನ್ ಸಮಾವೇಶ ಒಪ್ಪಿದ, ಭಾಷೆಯ ಮೂಲ ನಿಯಮಗಳೂ ಪದಗಳೂ ಇರುವ 'ಫುಂದಮೆಂತೊ' ಪುಸ್ತಕದಲ್ಲೋ ಎಸ್ಪೆರಾಂಟೊ ಅಕಾಡೆಮಿಯ ಅಧಿಕೃತ ಸೇರ್ಪಡೆಗಳಲ್ಲೋ ಅದು ಇದ್ದರೆ ಚರ್ಚೆ ಮುಗಿಯಿತು. ಇಂದು ಯಾರೂ ಬಳಸದಿದ್ದರೆ 'ಹಳೆಯದು' ಎಂದು ಗುರುತು ಹಾಕಿದರಾಯಿತು. ಅಲ್ಲಿ ಇಲ್ಲವೆಂದ ಮಾತ್ರಕ್ಕೆ ತಳ್ಳಿಹಾಕುವಂತಿಲ್ಲ. ಕಂಪ್ಯೂಟರಿಗೆ ಹಲವು ಪದಗಳು ಪೈಪೋಟಿ ನಡೆಸಿ, ಕೊನೆಗೆ 'ಕೊಂಪುತಿಲೊ' ನೆಲೆಯೂರಿದ್ದು ಬರೆಯುವವರ ಕೈಯಿಂದಲೇ. ಉದ್ದಕ್ಕೆ ವಿರುದ್ಧವಾದ 'ಗಿಡ್ಡ' ಎನ್ನಲು ಎಲ್ಲರೂ ಬಳಸುವ ಪದ 'ಮಲ್‌ಲೊಂಗ'. ಕವಿಗಳು ತಂದ 'ಕುರ್ತ'ಕ್ಕೂ ಪ್ರಯೋಗಗಳಿದ್ದರೆ ಜಾಗ ಕೊಡಿ, ಆದರೆ 'ಕಾವ್ಯದಲ್ಲಿ' ಎಂಬ ಗುರುತೂ 'ಮಲ್‌ಲೊಂಗ ನೋಡಿ' ಎಂಬ ಸೂಚನೆಯೂ ಇರಲಿ. ಇಲ್ಲದಿದ್ದರೆ ಹೊಸದಾಗಿ ಕಲಿಯುವವರು ಎರಡೂ ಒಂದೇ ಎಂದುಕೊಳ್ಳುತ್ತಾರೆ.

ಅಂತರರಾಷ್ಟ್ರೀಯ ಪದಗಳನ್ನು ಹಾಗೆಯೇ ತರಬಹುದೆನ್ನುವ, 'ಫುಂದಮೆಂತೊ'ದ 15ನೇ ನಿಯಮವನ್ನು ಅರ್ಧ ಮಾತ್ರ ಓದುವವರು ಬಹಳ. ಒಂದೇ ಮೂಲದ ಹಲವು ಪದಗಳಿದ್ದರೆ ಆಧಾರಪದವನ್ನಷ್ಟೇ ತಂದು ಉಳಿದದ್ದನ್ನು ಎಸ್ಪೆರಾಂಟೊದೊಳಗೇ ಕಟ್ಟುವುದು ಮೇಲು ಎನ್ನುತ್ತದೆ ಅದರ ಉಳಿದರ್ಧ. ನಾಟಕಶಾಲೆ 'ತೆಆತ್ರೊ' ಆದರೆ ಅದರ ವಿಶೇಷಣ 'ತೆಆತ್ರ'. ಬೇರೆ ಭಾಷೆಯ ಬಾಲವನ್ನು ಉಳಿಸಿಕೊಂಡು ಬಂದ ರೂಪವನ್ನು ಅನುಮಾನದಿಂದಲೇ ನೋಡಬೇಕು.

ಸಮಾಸಪದಗಳಿಗೆ ಪರೀಕ್ಷೆ ಬೇರೆ. ಬಿಡಿಭಾಗಗಳ ಅರ್ಥ ಕೂಡಿಸಿದರೆ ಪದದ ಅರ್ಥ ಪೂರ್ತಿ ಸಿಗುತ್ತದೆಯೇ? 'ಹುಂದೊವೊಸ್ತೊ' ಎಂದರೆ ನಾಯಿಬಾಲ, ಅಷ್ಟೇ, ನಮೂದು ಬೇಡ. 'ಎಲ್' ಎಂದರೆ ಒಳಗಿನಿಂದ ಹೊರಕ್ಕೆ, 'ದೊನಿ' ಎಂದರೆ ಕೊಡು. ಆದರೆ 'ಎಲ್ದೊನಿ' ಎಂದರೆ ಪುಸ್ತಕ ಪ್ರಕಟಿಸು. 'ಫೆರ್‌ವೊಯೊ' ಕಬ್ಬಿಣದ ಯಾವುದೋ ದಾರಿಯಲ್ಲ, ರೈಲುದಾರಿ. ಇಂಥವಕ್ಕೆ ನಮೂದು ಬೇಕೇ ಬೇಕು. ಒಡೆಯುವ ಜಾಗವನ್ನೂ ತೋರಿಸಿ: 'ಸೆಂತೆಮ'ವನ್ನು 'ಸೆಂತ್-ಎಮ್-ಅ' ಎಂದರೆ ಸೂಕ್ಷ್ಮ ಸಂವೇದನೆಯುಳ್ಳ, 'ಸೆನ್-ತೆಮ್-ಅ' ಎಂದರೆ ವಿಷಯವಿಲ್ಲದ.

ಅತಿ ಹೆಚ್ಚು ತಪ್ಪು ನುಸುಳುವುದು ಧಾತುವಿನ ಜಾತಿಯಲ್ಲಿ. ತಲೆ ಬಾಚುವ 'ಕೊಂಬಿ'ಯ ಧಾತು ಕ್ರಿಯೆಯದು, ಹಾಗಾಗಿ ಬಾಚಣಿಗೆ 'ಕೊಂಬಿಲೊ'; 'ಕೊಂಬೊ' ಎಂದರೆ ಬಾಚುವಿಕೆ. 'ಬ್ರೊಸೊ'ದ ಧಾತುವೋ ನಾಮದ್ದು, ಅದೇ ಬ್ರಷ್ಷು, 'ಬ್ರೊಸಿ' ಎಂದರೆ ಬ್ರಷ್ಷಿನಿಂದ ಉಜ್ಜು. ಒಂದರ ಮಾದರಿಯನ್ನು ಇನ್ನೊಂದಕ್ಕೆ ಹಚ್ಚಿ 'ಕೊಂಬೊ: ಬಾಚಣಿಗೆ' ಎಂದು ಬರೆದರೆ ನೋಡಲು ಸರಿಯೆನಿಸುವ ತಪ್ಪು ನಿಘಂಟಿನಲ್ಲಿ ಕೂತುಬಿಡುತ್ತದೆ. ಕ್ರಿಯಾಪದವಾದರೆ ಸಕರ್ಮಕವೋ ಅಕರ್ಮಕವೋ ಹೇಳದ ನಮೂದು ಅರೆಬರೆಯೇ.

ವಿಭಕ್ತಿ, ಕಾಲ, ಕೃದಂತ ರೂಪಗಳಿಗೆ ಬೇರೆ ಬೇರೆ ಪುಟ ತೆರೆಯಬೇಕೆಂಬುದಕ್ಕೆ ನನ್ನ ವಿರೋಧವಿದೆ. ಸಕರ್ಮಕ ಕ್ರಿಯೆಗೆ ಮೂಲ ರೂಪಗಳು 6. ಕೃದಂತ ಪ್ರತ್ಯಯಗಳೂ 6, ಒಂದೊಂದಕ್ಕೆ ವಿಶೇಷಣ 4, ನಾಮ 4, ಕ್ರಿಯಾವಿಶೇಷಣ 1. ಒಟ್ಟು 60 ಪುಟ! ಬಾಟ್ (ತಾನಾಗಿ ಪುಟ ತೆರೆಯುವ ತಂತ್ರಾಂಶ) ಬಿಟ್ಟು ತುಂಬಿಸಿದರೆ ಧಾತುವಿನಲ್ಲಿದ್ದ ಒಂದು ಕಾಗುಣಿತದೋಷ ಅಷ್ಟೂ ಪುಟಗಳಿಗೆ ಹರಡುತ್ತದೆ. ಮುಖ್ಯ ನಮೂದಿನಲ್ಲೊಂದು ಕೋಷ್ಟಕ ಸಾಕು.

ಇನ್ನು ಪುರಾವೆ. ವರ್ಷಕ್ಕೆ ಕಡಿಮೆಯಿಲ್ಲದ ಅವಧಿಯಲ್ಲಿ ಹರಡಿದ 3 ಸ್ವತಂತ್ರ ಪ್ರಯೋಗಗಳು ಎಂಬುದು ಒಳ್ಳೆಯ ಅಳತೆ. ಬೇರೊಂದು ನಿಘಂಟಿನಲ್ಲಿರುವುದು ಪ್ರಯೋಗವಲ್ಲ; ನಿಘಂಟುಗಳು ಪರಸ್ಪರ ನಕಲು ಮಾಡುತ್ತವೆ. 'ಈ ಪದ ಬಳಸೋಣವೇ?' ಎಂದು ಕೇಳುವ ಲೇಖನವೂ ಪ್ರಯೋಗವಲ್ಲ. ಒಬ್ಬನೇ ಅನುವಾದಕನ 3 ಪುಸ್ತಕಗಳು ಒಂದೇ ಲೆಕ್ಕ. 'ತೆಕ್‌ಸ್ತಾರೊ'ದಂಥ ಪಠ್ಯಸಂಗ್ರಹದಲ್ಲಿ ಪದಾಂತ್ಯ ಬಿಟ್ಟು ಧಾತುವಿನಿಂದ ಹುಡುಕಿ. ಅಂತರ್ಜಾಲದ ಹಳೆಯ ಬರಹಗಳಲ್ಲಿ ĉ, ŝ ಇಂಥ ಮೇಲ್ಗುರುತಿನ ಅಕ್ಷರದ ಬದಲು ಬರಿಯ ಅಕ್ಷರದ ಪಕ್ಕದಲ್ಲಿ ಎಕ್ಸ್ ಅಥವಾ ಎಚ್ ಇಟ್ಟು ಬರೆದಿರುತ್ತಾರೆ. ಮೂರೂ ರೀತಿಯಲ್ಲಿ ಹುಡುಕದೆ 'ಸಿಗಲಿಲ್ಲ' ಎನ್ನಬೇಡಿ. ಎರಡೇ ಪ್ರಯೋಗ ಸಿಕ್ಕರೆ ಅವನ್ನು ಇಸವಿ, ಪುಟಸಂಖ್ಯೆ ಸಹಿತ ಚರ್ಚಾಪುಟದಲ್ಲಿ ಇಡಿ. ಮೂರನೆಯದನ್ನು ಹುಡುಕುವವರು ಅಲ್ಲಿಂದಲೇ ಮುಂದುವರಿಯಬಹುದು.