ಹೊಸ ವಿಮಾನ ನಿಲ್ದಾಣ: ಯಾಕೆ, ಎಲ್ಲಿ, ಹೇಗೆ? ಕಲಬುರಗಿಯಲ್ಲಿ ಕೂತು ಓದುವವರಿಗೆ ಟಿಪ್ಪಣಿ

ಪಠ್ಯದಲ್ಲಿ "ಹೊಸ ವಿಮಾನ ನಿಲ್ದಾಣಗಳು" ಅಂತ ಒಂದೇ ತಲೆಬರಹ ಇರುತ್ತದೆ. ಅದರೊಳಗೆ ಇರುವುದು ಎರಡು ಬೇರೆ ವಿಷಯ. ಕಿಕ್ಕಿರಿದ ನಿಲ್ದಾಣದ ಹೊರೆ ಇಳಿಸಲು ಕಟ್ಟುವುದು ಒಂದು. 2025ರಲ್ಲಿ ಶುರುವಾದ ನವಿ ಮುಂಬೈ ಅಂಥದ್ದು. ವಿಮಾನವೇ ಕಾಣದ ಊರಿಗೆ ವಿಮಾನ ತರುವುದು ಇನ್ನೊಂದು. ನಮ್ಮ ಕಲಬುರಗಿ, ಬೀದರ್ ಈ ಸಾಲಿನವು. ಪರೀಕ್ಷೆಯಲ್ಲಿ ಎರಡನ್ನೂ ಒಂದೇ ಅಂತ ಬರೆದರೆ ಉತ್ತರ ಹಳಿ ತಪ್ಪುತ್ತದೆ.

ನಿಲ್ದಾಣ ತುಂಬಿದೆ ಅಂದ ಕೂಡಲೇ ನಮಗೆ ಟರ್ಮಿನಲ್‌ನ ಉದ್ದ ಸಾಲು ನೆನಪಾಗುತ್ತದೆ. ಟರ್ಮಿನಲ್ ದೊಡ್ಡದು ಮಾಡಬಹುದು. ಬಿಗಿ ಇರುವುದು ರನ್‌ವೇಯಲ್ಲಿ. ಅಲ್ಲಿ ಲೆಕ್ಕ ಪ್ರಯಾಣಿಕರದ್ದಲ್ಲ, ಏರುವ ಇಳಿಯುವ ವಿಮಾನಗಳದ್ದು. ಒಂದು ವಿಮಾನ ಎಬ್ಬಿಸಿದ ಗಾಳಿಸುಳಿ ತಣ್ಣಗಾಗಬೇಕು, ರನ್‌ವೇ ಖಾಲಿಯಾಗಬೇಕು, ಆಮೇಲೆ ಮುಂದಿನದು. ಮುಂಬೈನಲ್ಲಿ ಎರಡು ರನ್‌ವೇ ಇದ್ದರೂ ಅವು ಒಂದನ್ನೊಂದು ಅಡ್ಡ ದಾಟುತ್ತವೆ. ಹಾಗಾಗಿ ಒಂದು ಹೊತ್ತಿಗೆ ಒಂದನ್ನೇ ಬಳಸಬೇಕು. ಅದರಲ್ಲೇ ಗಂಟೆಗೆ ಸುಮಾರು 46 ಏರಿಳಿತ ನಡೆಸುತ್ತಾರೆ. ಅದಕ್ಕಿಂತ ಜಾಸ್ತಿ ಹಿಂಡುವುದು ಕಷ್ಟ.

ನಮ್ಮ ಭಾಗದವರು ಗಮನ ಕೊಡಬೇಕಾದದ್ದು ಇಲ್ಲೇ. 180 ಸೀಟಿನ ಏರ್‌ಬಸ್‌ಗೂ, 70 ಸೀಟಿನ, ಪಂಖದ ಸಣ್ಣ ವಿಮಾನವಾದ ಎಟಿಆರ್‌ಗೂ ದೊಡ್ಡ ನಿಲ್ದಾಣದಲ್ಲಿ ಬೇಕಾದದ್ದು ಒಂದೊಂದೇ ಸ್ಲಾಟ್, ಅಂದರೆ ಏರಲು ಇಲ್ಲವೇ ಇಳಿಯಲು ಗೊತ್ತುಮಾಡಿದ ಹೊತ್ತು. ಎಟಿಆರ್ ನಿಧಾನವಾಗಿ ಇಳಿಯುವುದರಿಂದ ಅದರ ಹಿಂದೆ ಬರುವ ಜೆಟ್‌ಗೆ ಇನ್ನಷ್ಟು ಅಂತರ ಬಿಡಬೇಕಾಗುತ್ತದೆ. ಅಂದರೆ ಸಣ್ಣ ಊರಿಗೆ ನಿಲ್ದಾಣ ಕಟ್ಟಿದರೆ ಬೆಂಗಳೂರಿನ ಹೊರೆ ಇಳಿಯುವುದಿಲ್ಲ. ಅಲ್ಲಿನ ರನ್‌ವೇಗೆ ಇನ್ನೊಂದು ವಿಮಾನ ಸೇರುತ್ತದೆ, ಅಷ್ಟೇ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣದ ಚರ್ಚೆ ದಕ್ಷಿಣದವರ ವಿಷಯ ಅಂತ ನಾವು ಪುಟ ತಿರುಗಿಸಿಬಿಡುತ್ತೇವೆ. ಆದರೆ ಅಲ್ಲಿ ಸ್ಲಾಟ್ ಸಿಗದಿದ್ದರೆ ಮೊದಲು ಏಟು ಬೀಳುವುದು ನಮ್ಮಂಥ ಊರಿನ ಸಣ್ಣ ವಿಮಾನಕ್ಕೆ.

ಈಗ ಜಾಗದ ಪ್ರಶ್ನೆ. ಹೈದರಾಬಾದ್ ಮತ್ತು ಬೆಂಗಳೂರು ನಿಲ್ದಾಣಗಳ ಒಪ್ಪಂದದಲ್ಲಿ 150 ಕಿಲೋಮೀಟರ್ ಷರತ್ತು ಇದೆ. ಅಷ್ಟು ದೂರದೊಳಗೆ 25 ವರ್ಷ ಇನ್ನೊಂದು ನಿಲ್ದಾಣ ಬರುವಂತಿಲ್ಲ, ಕೆಲವು ವಿನಾಯಿತಿ ಬಿಟ್ಟರೆ. ಖಾಸಗಿಯವರು ಹಾಕಿದ ಬಂಡವಾಳ ವಾಪಸ್ ಬರಲಿ ಎಂಬುದು ಇದರ ಉದ್ದೇಶ. ಬೆಂಗಳೂರಿಗೆ ಇದು 2033ರವರೆಗೆ. ಕನಕಪುರ ರಸ್ತೆ, ಕುಣಿಗಲ್ ರಸ್ತೆ ಕಡೆ ಈಗಲೇ ಜಾಗ ನೋಡುತ್ತಿರುವುದು ಅದಕ್ಕೇ. ಭೂಮಿ ಪಡೆದು, ಕಟ್ಟಿ ಮುಗಿಸಲು ವರ್ಷಗಟ್ಟಲೆ ಬೇಕಲ್ವಾ? ಬೀದರ್ ಈ ಷರತ್ತಿನ ಬಿಸಿ ನೇರವಾಗಿ ಅನುಭವಿಸಿದ ಊರು. ವಾಯುಪಡೆಯ ರನ್‌ವೇ ಅಲ್ಲಿ ಮೊದಲಿನಿಂದಲೂ ಇತ್ತು. ಹೈದರಾಬಾದ್ ಹತ್ತಿರ ಇದ್ದದ್ದರಿಂದ ನಾಗರಿಕ ವಿಮಾನ ಬರಲು 2020ರ ಫೆಬ್ರವರಿ ಆಯಿತು.

ಕಲಬುರಗಿಯ ದಾರಿಯೂ ಉದ್ದವೇ. 2008ರಲ್ಲಿ ಶಂಕುಸ್ಥಾಪನೆ ಆಯಿತು. ಖಾಸಗಿ ಸಹಭಾಗಿತ್ವದ ಕೆಲಸ ನಡುವೆಯೇ ನಿಂತಿತು. ಆಮೇಲೆ ಲೋಕೋಪಯೋಗಿ ಇಲಾಖೆ ಕೈಗೆತ್ತಿಕೊಂಡು ಮುಗಿಸಿತು. ಶ್ರೀನಿವಾಸ ಸರಡಗಿ ಹತ್ತಿರದ ಈ ನಿಲ್ದಾಣ ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. ರನ್‌ವೇ ಉದ್ದ 3,175 ಮೀಟರ್.

ಸಣ್ಣ ವಿಮಾನ ಬರುವ ಊರಿಗೆ ಇಷ್ಟುದ್ದ ಯಾಕೆ? ಒಂದು ಕಾರಣ ನಮ್ಮ ಬಿಸಿಲು. ಬಿಸಿ ಗಾಳಿ ತೆಳು, ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್‌ಗೂ ಶಕ್ತಿ ಕಡಿಮೆ. ಸಿವಿಲ್ ಓದುವವರು ಈ ಲೆಕ್ಕ ಕೈಯಾರೆ ಮಾಡಿ ನೋಡಿ. ಸಮುದ್ರ ಮಟ್ಟದಲ್ಲಿ 2,000 ಮೀಟರ್ ಸಾಕು ಎನ್ನುವ ವಿಮಾನ ಇದೆ ಅಂದುಕೊಳ್ಳಿ. ಎತ್ತರಕ್ಕೆ ಪ್ರತಿ 300 ಮೀಟರ್‌ಗೆ ಶೇ. 7 ಸೇರಿಸಬೇಕು. ನಮ್ಮ ಎತ್ತರ 450 ಮೀಟರ್ ಅಂತ ಹಿಡಿದರೆ ಶೇ. 10.5, ಅಂದರೆ 2,210 ಮೀಟರ್. ಮುಂದೆ ತಾಪಮಾನ. ಆ ಎತ್ತರದ ಪ್ರಮಾಣಿತ ತಾಪಮಾನ ಸುಮಾರು 12 ಡಿಗ್ರಿ. ನಮ್ಮ ಬೇಸಿಗೆಯ ಲೆಕ್ಕ 40 ಡಿಗ್ರಿ ಇಟ್ಟುಕೊಳ್ಳಿ. 28 ಡಿಗ್ರಿ ಹೆಚ್ಚು, ಡಿಗ್ರಿಗೆ ಶೇ. 1ರಂತೆ 2,210ಕ್ಕೆ ಶೇ. 28 ಸೇರಿಸಿ. ಉತ್ತರ ಹತ್ತಿರ ಹತ್ತಿರ 2,830 ಮೀಟರ್. ಒಟ್ಟು ತಿದ್ದುಪಡಿ ಶೇ. 35 ದಾಟಿದರೆ ಈ ಸೂತ್ರ ಸಾಲದು, ಪ್ರತ್ಯೇಕ ಅಧ್ಯಯನ ಬೇಕು ಎನ್ನುತ್ತದೆ ನಿಯಮ. ನಮ್ಮದು ಶೇ. 41 ಬಂತು. ಈ ಕೊನೆಯ ಮಾತನ್ನು ಬರೆಯಲು ಮರೆಯಬೇಡಿ.

ಇನ್ನು ಮಣ್ಣು. ತೊಗರಿಗೆ ಚಿನ್ನದಂಥ ಎರೆಭೂಮಿ ರನ್‌ವೇಗೆ ತಲೆನೋವು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಇಂಥ ಕಡೆ ಎರೆಮಣ್ಣು ತೆಗೆದು ಮುರುಮ ತುಂಬುತ್ತಾರೆ, ಇಲ್ಲವೇ ಸುಣ್ಣ ಬೆರೆಸಿ ಗಟ್ಟಿ ಮಾಡುತ್ತಾರೆ. ನೀರು ನಿಲ್ಲದಂತೆ ಚರಂಡಿ ಮಾಡುವುದೂ ಅಷ್ಟೇ ಮುಖ್ಯ.

ಕಟ್ಟಿದ ಮಾತ್ರಕ್ಕೆ ಜನ ಬರುವುದಿಲ್ಲ. ಕೆನಡಾದ ಮಾಂಟ್ರಿಯಲ್ ಊರು ಹೊರೆ ಇಳಿಸಲು 1975ರಲ್ಲಿ ಮಿರಾಬೆಲ್ ನಿಲ್ದಾಣ ತೆರೆಯಿತು. ಅಂತರರಾಷ್ಟ್ರೀಯ ವಿಮಾನಗಳು ಅಲ್ಲಿಗೆ ಹೋದವು, ದೇಶದೊಳಗಿನವು ಹಳೇ ಡೊರ್ವಾಲ್‌ನಲ್ಲೇ ಉಳಿದವು. ವಿಮಾನ ಬದಲಿಸಬೇಕಾದವರು ಊರು ದಾಟಿ ಹೋಗಬೇಕಾಯಿತು. 2004ಕ್ಕೆ ಪ್ರಯಾಣಿಕರ ಸೇವೆಯೇ ನಿಂತಿತು.

ನಮ್ಮ ಕಡೆ, ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಸರ್ಕಾರ ವಿಮಾನ ಕಂಪನಿಯ ನಷ್ಟವನ್ನು ಮೂರು ವರ್ಷ ತುಂಬಿಕೊಡುತ್ತದೆ. ಆಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿ ನೋಡಿ. ಉಡಾನ್‌ನ ಮೂರನೇ ಸುತ್ತಿನವರೆಗೆ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಆಮೇಲೂ ಉಳಿದದ್ದು 54. ಬೀದರ್‌ನ ವಿಮಾನವೂ ನಿಂತು, ಶುರುವಾಗಿ, ಮತ್ತೆ ನಿಂತು, 2025ರಲ್ಲಿ ಪುನಃ ಶುರುವಾಯಿತು.

ಇದಕ್ಕೆ ಸುಮ್ನೆ "ಬೇಡಿಕೆ ಇಲ್ಲ" ಅಂತ ಬರೆದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ಇದೆ, ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಬೆಳಿಗ್ಗೆ ಹೋಗಿ, ಕೆಲಸ ಮುಗಿಸಿ, ಸಂಜೆ ಮರಳುವಂತಿದ್ದರೆ ಇವರೆಲ್ಲ ವಿಮಾನ ಹತ್ತುತ್ತಾರೆ. ಮಧ್ಯಾಹ್ನದ ವಿಮಾನಕ್ಕಿಂತ ರಾತ್ರಿ ರೈಲೇ ವಾಸಿ ಅನ್ನಿಸುವುದು ಸಹಜ. ಬೆಂಗಳೂರಿನಲ್ಲಿ ಸ್ಲಾಟ್‌ಗೆ ಹೆಚ್ಚು ಪೈಪೋಟಿ ಇರುವುದು ಬೆಳಿಗ್ಗೆ ಮತ್ತು ಸಂಜೆಯ ಅದೇ ಹೊತ್ತಿನಲ್ಲಿ.