ವೋಲ್ಟ್ ಎಣಿಸುವ ಗಡಿಯಾರ

ವೋಲ್ಟೇಜ್, ಕರೆಂಟ್ ಅಳೆಯುವ ಅಗ್ಗದ ಡಿಜಿಟಲ್ ಮಲ್ಟಿಮೀಟರಿನ ಹಿಂದಿನ ಸ್ಕ್ರೂ ಬಿಚ್ಚಿ ನೋಡಿ. ಒಂದು 9 ವೋಲ್ಟ್ ಬ್ಯಾಟರಿ, ಕರೆಂಟನ್ನು ತಡೆಯುವ ಒಂದಿಷ್ಟು ರೆಸಿಸ್ಟರ್, ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ನಾಲ್ಕೈದು ಕೆಪಾಸಿಟರ್. ಬೋರ್ಡಿನ ನಡುವೆ ಟಾರ್ ತೊಟ್ಟಿಕ್ಕಿದ ಹಾಗೆ ಒಂದು ಕರಿ ಗುಳ್ಳೆ. ಅದರ ಕೆಳಗೆ ಒಂದು ಚಿಪ್ ಕೂತಿರುತ್ತದೆ. ಎಷ್ಟೋ ಮೀಟರುಗಳಲ್ಲಿ ಅದು 7106 ಅನ್ನುವ ಚಿಪ್ಪು, ಇಲ್ಲವೇ ಅದರ ನೆಂಟ. 1970ರ ದಶಕದಲ್ಲಿ ಇಂಟರ್‌ಸಿಲ್ ಕಂಪನಿ ತಂದದ್ದು, ಇನ್ನೂ ದುಡಿಯುತ್ತಿದೆ.

ಪ್ರೋಬ್, ಅಂದರೆ ಮೀಟರಿನ ತಂತಿಯ ಮೊನೆ, ತಾಗಿಸಿದರೆ ಚಿಪ್ಪು ವೋಲ್ಟೇಜ್ ಓದಿ ಹೇಳುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಅದಕ್ಕೆ ಓದಲು ಬರುವುದೇ ಇಲ್ಲ. ಬರುವುದು ಎಣಿಸುವುದೊಂದೇ.

ಅದು ಮಾಡುವುದು ಇಷ್ಟು. ನಾವು ಕೊಟ್ಟ ವೋಲ್ಟೇಜಿನಿಂದ ಒಂದು ಕೆಪಾಸಿಟರನ್ನು ಸರಿಯಾಗಿ 1000 ಎಣಿಸುವ ತನಕ ತುಂಬಿಸುತ್ತದೆ. ಆಮೇಲೆ ನಮ್ಮ ವೋಲ್ಟೇಜನ್ನು ಕಡಿದು, ತನಗೆ ಗೊತ್ತಿರುವ ಒಂದು ವೋಲ್ಟೇಜನ್ನು ತಿರುಗುಮುರುಗಾಗಿ ಜೋಡಿಸುತ್ತದೆ. ಕೆಪಾಸಿಟರ್ ಖಾಲಿಯಾಗುತ್ತಾ ಬರುತ್ತದೆ. ಸೊನ್ನೆ ಮುಟ್ಟುವ ತನಕ ಮತ್ತೆ ಎಣಿಕೆ. ಆ ಎರಡನೇ ಎಣಿಕೆಯೇ ಉತ್ತರ.

ಗೊತ್ತಿಲ್ಲದ ನಲ್ಲಿಯಿಂದ ಕೊಡಕ್ಕೆ 1000 ಎಣಿಸುವಷ್ಟು ಹೊತ್ತು ನೀರು ಬಿಟ್ಟ ಹಾಗೆ. ಆಮೇಲೆ ಒಂದೇ ಹದದಲ್ಲಿ ಎಳೆಯುವ ಪಂಪಿನಿಂದ ಖಾಲಿ ಮಾಡುವುದು. ನಲ್ಲಿ ಜೋರಾಗಿದ್ದರೆ ಖಾಲಿಯಾಗಲು ಜಾಸ್ತಿ ಹೊತ್ತು. ಇಷ್ಟಕ್ಕೆ ಸುಮ್ನೆ ಎರಡು ಸಲ ಎಣಿಸುವ ಉಸಾಬರಿ ಯಾಕೆ ಅನ್ನಿಸಬಹುದು. ಮಜಾ ಇರುವುದೇ ಅಲ್ಲಿ. ಕೊಡ ಚಿಕ್ಕದೋ ದೊಡ್ಡದೋ ಲೆಕ್ಕಕ್ಕಿಲ್ಲ, ತುಂಬಿದ್ದೂ ಖಾಲಿಯಾದದ್ದೂ ಅದೇ ಕೊಡ. ಎಣಿಸುವವನು ಅವಸರದವನೋ ಸೋಮಾರಿಯೋ ಅದೂ ಬೇಡ. ಇನ್ನೊಬ್ಬ 1000 ಎಣಿಸುವ ತನಕ ಗೆಳೆಯ ತನ್ನ ವೇಗದಲ್ಲಿ ದೂರ ನಡೆದ, ನೀವು ನಿಮ್ಮ ವೇಗದಲ್ಲಿ ಅಲ್ಲಿಂದ ವಾಪಸು ಬಂದಿರಿ ಅನ್ನಿ. ಎಣಿಸಿದವನು ಬೇಗ ಬೇಗ ಎಣಿಸಿದರೆ ಹೋಗುವಾಗಲೂ ಹಾಗೇ, ಬರುವಾಗಲೂ ಹಾಗೇ. ತಪ್ಪು ತಪ್ಪನ್ನೇ ತಿಂದು ಹಾಕುತ್ತದೆ. ಅದಕ್ಕೇ ಅಗ್ಗದ ಬಿಡಿಭಾಗ ಹಾಕಿಯೂ ಒಳ್ಳೆಯ ಅಳತೆ ಸಿಗುತ್ತದೆ.

ಲೆಕ್ಕ ನೋಡಿ. ಚಿಪ್ಪಿಗೆ ಗೊತ್ತಿರುವ ವೋಲ್ಟೇಜು 100 ಮಿಲಿವೋಲ್ಟ್. ಗುಬುಟನ್ನು 2 ವೋಲ್ಟಿಗೆ ತಿರುಗಿಸಿ 1.532 ವೋಲ್ಟಿನ ಸೆಲ್ಲಿಗೆ ಪ್ರೋಬ್ ಇಟ್ಟರೆ, ರೆಸಿಸ್ಟರುಗಳು ಅದನ್ನು ಹತ್ತರಲ್ಲೊಂದು ಪಾಲು ಮಾಡಿ 153.2 ಮಿಲಿವೋಲ್ಟನ್ನು ಒಳಗೆ ಕಳಿಸುತ್ತವೆ. ತುಂಬಲು 1000, ಖಾಲಿಯಾಗಲು 1532. ಪರದೆಯ ಮೇಲೆ ಅದೇ ಅಂಕಿ. ನಡುವಿನ ಚುಕ್ಕಿ? ಅದು ಗುಬುಟಿನ ಕೆಲಸ. ತಾನು ಅಳೆದದ್ದು ವೋಲ್ಟೋ, ಕರೆಂಟಿಗೆ ಒಡ್ಡುವ ತಡೆಯನ್ನು ಹೇಳುವ ಓಮೋ, ಚಿಪ್ಪಿಗೆ ಸುಳಿವೇ ಇರುವುದಿಲ್ಲ. 1999 ದಾಟಿದರೆ ಎಣಿಕೆ ಬಿಟ್ಟು ಎಡತುದಿಯಲ್ಲಿ ಒಂದು 1 ಮಾತ್ರ ತೋರಿಸುತ್ತದೆ. ಅದನ್ನು ‘ಒಂದು ಓಮ್’ ಅಂತ ಓದಿದವರನ್ನು ನಾನು ನೋಡಿದ್ದೇನೆ!

ಈಗಿನ ಮೀಟರ್ ಸದ್ದಿಲ್ಲದೆ ಎಣಿಸುತ್ತದೆ. 1950ರ ದಶಕದ ಶುರುವಿನಲ್ಲಿ ಅಮೆರಿಕದ ಆಂಡ್ರ್ಯೂ ಕೇ ಅವರ ನಾನ್-ಲೀನಿಯರ್ ಸಿಸ್ಟಮ್ಸ್ ತಂದ ಡಿಜಿಟಲ್ ವೋಲ್ಟ್‌ಮೀಟರಿನ ಒಳಗೆ ಕಟಕಟ ಅನ್ನುತ್ತಾ ಮೆಟ್ಟಿಲು ಮೆಟ್ಟಿಲಾಗಿ ಸರಿಯುವ ಸ್ವಿಚ್ಚುಗಳಿದ್ದವು. ಒಂದೊಂದೇ ಅಂಕಿಯನ್ನು ಹೋಲಿಸಿ ನೋಡುತ್ತಾ ಹೋಗಬೇಕು. ಮುಂದೆ ಇದೇ ಕೇ ಕೇಪ್ರೋ ಅನ್ನುವ ಕಂಪ್ಯೂಟರನ್ನೂ ಮಾಡಿದರು, ಆ ಕಥೆ ಬೇರೆ.

ನಮ್ಮ ಚಿಪ್ಪಿಗೆ ಅವಸರವಿಲ್ಲ, ಅದಕ್ಕೂ ಕಾರಣವಿದೆ. ಗೋಡೆಯ ವೈರುಗಳಿಂದ 50 ಹರ್ಟ್ಸಿನ, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುವ, ಗುಂಯ್‌ಗುಡುವಿಕೆ ಪ್ರೋಬಿಗೂ ಹತ್ತಿಕೊಳ್ಳುತ್ತದೆ. ಸಾಮಾನ್ಯ ಜೋಡಣೆಯಲ್ಲಿ ಸೆಕೆಂಡಿಗೆ 10,000 ಎಣಿಕೆ, ಅಂದರೆ ತುಂಬಿಸುವ ಹೊತ್ತು 0.1 ಸೆಕೆಂಡ್. ಅಷ್ಟರಲ್ಲಿ ಆ ಅಲೆ ಸರಿಯಾಗಿ 5 ಸಲ ಏರಿ ಇಳಿದಿರುತ್ತದೆ. ಏರಿದಾಗ ತುಂಬಿದ್ದನ್ನು ಇಳಿದಾಗ ತಾನೇ ಕಿತ್ತುಕೊಂಡಿರುತ್ತದೆ. 60 ಹರ್ಟ್ಸ್ ಇರುವ ದೇಶದಲ್ಲಿ 6 ಸಲ, ಅಲ್ಲೂ ಲೆಕ್ಕ ಚುಕ್ತಾ. ತುಂಬಿಸುವುದು, ಖಾಲಿ ಮಾಡುವುದು, ಮಿಕ್ಕ ಹೊತ್ತಿನಲ್ಲಿ ಮತ್ತೆ ಸೊನ್ನೆಗೆ ಹೊಂದಿಸಿಕೊಳ್ಳುವುದು ಎಲ್ಲ ಸೇರಿ ಒಂದು ಸುತ್ತಿಗೆ ಒಟ್ಟು 4000 ಎಣಿಕೆ. ಅದಕ್ಕೇ ಅಂಕಿ ಸೆಕೆಂಡಿಗೆ ಎರಡೂವರೆ ಸಲವಷ್ಟೇ ಬದಲಾಗುವುದು.

ಕೊಡದ ತಪ್ಪು ಹೋಯಿತು, ಗಡಿಯಾರದ ತಪ್ಪು ಹೋಯಿತು. ಆದರೆ ಆ 100 ಮಿಲಿವೋಲ್ಟೇ ಕೆಟ್ಟರೆ? ಉಳಿಸುವವರು ಯಾರೂ ಇಲ್ಲ. ಬೋರ್ಡಿನ ಮೇಲೆ ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ರೆಸಿಸ್ಟರ್, ಅಂದರೆ ಪ್ರಿಸೆಟ್, ಇರುವುದು ಅದನ್ನು ಹದಕ್ಕೆ ತರಲು. ದಯವಿಟ್ಟು ಮುಟ್ಟಬೇಡಿ. ಪರದೆಯಲ್ಲಿ ನಾಲ್ಕು ಅಂಕಿ ಕಂಡರೆ ನಾಲ್ಕೂ ನಿಜ ಅಂತ ನಂಬಲೂ ಬೇಡಿ. ಮೀಟರ್ ಶೇಕಡಾ 0.5 ತಪ್ಪಿದರೆ ನಮ್ಮ 1.532ರ ಕೊನೆಯ ಅಂಕಿ ಏಳೆಂಟು ಆಚೀಚೆ ಆಗಿರುತ್ತದೆ.

ಒಮ್ಮೆ ನನ್ನ ಮೀಟರ್ ಹೊಸ ಪೆನ್ಸಿಲ್ ಸೆಲ್ಲನ್ನು 1.8 ವೋಲ್ಟ್ ಅಂದಿತು. ಭಲೇ ಸೆಲ್ ಅಂತ ಖುಷಿಪಟ್ಟೆ. ಮೂಲೆಯಲ್ಲಿ ಬ್ಯಾಟರಿ ಗುರುತು ಹತ್ತಿಕೊಂಡದ್ದನ್ನು ಗಮನಿಸಿರಲಿಲ್ಲ. ಮೀಟರಿನ ಬ್ಯಾಟರಿ ಸೊರಗಿ, ಒಳಗಿನ ಗೊತ್ತಿದ್ದ ವೋಲ್ಟೇಜೂ ಕುಸಿದಿತ್ತು. ಪಂಪು ನಿಧಾನವಾದರೆ ಕೊಡ ಖಾಲಿಯಾಗಲು ಜಾಸ್ತಿ ಹೊತ್ತು ಬೇಕು, ಎಣಿಕೆ ಏರುತ್ತದೆ, ಅಲ್ವಾ? ಬ್ಯಾಟರಿ ಬದಲಾಯಿಸಿದ ಮೇಲೆ ಅದೇ ಸೆಲ್ 1.58ಕ್ಕೆ ಬಂದು ನಿಂತಿತು.